ಫೇಸ್‌ಬುಕ್‌ನಿಂದ ಜನ ಬರೋದು ನಿಂತಿದೆ, ವೀರಗಲ್ಲಿನ ಸೈಟ್ ಮುಚ್ಚಿಬಿಡಲೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಒಂಬತ್ತು ವರ್ಷದಿಂದ ಊರೂರು ಸುತ್ತಿ ವೀರಗಲ್ಲು (ಕಾದಾಡಿ ಸತ್ತ ವೀರರ ನೆನಪಿನ ಕಲ್ಲು), ಮಾಸ್ತಿಗಲ್ಲುಗಳ (ಸಹಗಮನ ಮಾಡಿದ ಹೆಂಗಸರ ನೆನಪಿನ ಕಲ್ಲು) ಫೋಟೊ ತೆಗೆದು, ವಿವರ ಬರೆದು ನನ್ನದೇ ಒಂದು ಸಣ್ಣ ವೆಬ್‌ಸೈಟಿಗೆ ಹಾಕುತ್ತಿದ್ದೇನೆ. ಇಲ್ಲಿಯವರೆಗೆ 340 ಕಲ್ಲುಗಳಾಗಿವೆ. ಮೊದಲು ಫೇಸ್‌ಬುಕ್ ಪೇಜಿನಲ್ಲಿ ಲಿಂಕ್ ಹಾಕಿದರೆ ಮಾರನೇ ದಿನಕ್ಕೆ ಎಂಟುನೂರು, ಸಾವಿರ ಜನ ಸೈಟಿಗೆ ಬರುತ್ತಿದ್ದರು. ಈಗ ಮೂವತ್ತು ಬಂದರೆ ಹೆಚ್ಚು. ಪೇಜಿಗೆ 11 ಸಾವಿರ ಫಾಲೋವರ್ಸ್ ಇದ್ದಾರೆ. ಅವರೆಲ್ಲ ಎಲ್ಲಿ ಹೋದರು? ಮಗಳು ಇನ್‌ಸ್ಟಾಗ್ರಾಂ ರೀಲ್ಸ್ ಮಾಡಿ ಅನ್ನುತ್ತಾಳೆ, ಅಳಿಯ ಯೂಟ್ಯೂಬ್ ಅನ್ನುತ್ತಾರೆ. ಹೋದ ತಿಂಗಳು ಪುಣೆಯಿಂದ ಒಬ್ಬರು ‘ಇದು ನಮ್ಮ ಅಜ್ಜಿಯ ಊರಿನ ಕಲ್ಲು’ ಎಂದು ಮೇಲ್ ಮಾಡಿದ್ದು ಬಿಟ್ಟರೆ ಯಾರೂ ಮಾತಾಡಿಸಿಲ್ಲ. ಸೈಟ್ ಮುಚ್ಚಿ ನಾನೂ ಅಲ್ಲಿಗೇ ಹೋಗಿಬಿಡಲೇ?

ಉತ್ತರ: ಮೇಷ್ಟ್ರೇ, ಮುಚ್ಚಬೇಡಿ. ಉಳಿದ ಮಾತು ಆಮೇಲೆ.

ನಿಮ್ಮ ಬರಹ ಕೆಟ್ಟಿಲ್ಲ, ಜನಕ್ಕೆ ಆಸಕ್ತಿಯೂ ಹೋಗಿಲ್ಲ. ಆ 11 ಸಾವಿರ ಜನ ಈಗಲೂ ಅಲ್ಲೇ ಇದ್ದಾರೆ. ನೀವು ಹಾಕಿದ ಲಿಂಕ್ ಅವರ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೇ. 2018ರ ಜನವರಿಯಲ್ಲಿ ಫೇಸ್‌ಬುಕ್ ಹೇಳಿಯೇ ಮಾಡಿದ ಬದಲಾವಣೆ ಇದು. ಗೆಳೆಯರು, ಮನೆಯವರು ಹಾಕಿದ್ದನ್ನು ಜಾಸ್ತಿ ತೋರಿಸುತ್ತೇವೆ, ಪೇಜುಗಳು ಹಾಕಿದ್ದನ್ನು ಕಡಿಮೆ ಮಾಡುತ್ತೇವೆ ಎಂದು ಆಗಲೇ ತಿಳಿಸಿದ್ದರು. ಅದರ ಹಿಂದಿನ ಲೆಕ್ಕ ಸರಳ. ಅವರ ಆದಾಯ ಜಾಹೀರಾತಿನಿಂದ. ಜನ ಒಳಗೇ ಇದ್ದಷ್ಟು ಹೊತ್ತು ಜಾಹೀರಾತು ಓಡುತ್ತದೆ. ನಿಮ್ಮ ಲಿಂಕ್ ಒತ್ತಿದವರು ಹೊರಗೆ ಹೋಗುತ್ತಾರೆ. ಹೊರಗೆ ಕಳಿಸುವ ಬಾಗಿಲನ್ನು ಯಾರು ತಾನೇ ಅಗಲ ಮಾಡುತ್ತಾರೆ? ಟ್ವಿಟರ್ ಎಕ್ಸ್ ಆದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಲಿಂಕಿನ ಜೊತೆ ಕಾಣುತ್ತಿದ್ದ ತಲೆಬರಹವನ್ನೇ ಸ್ವಲ್ಪ ಕಾಲ ತೆಗೆದುಹಾಕಿತ್ತು. ಇನ್‌ಸ್ಟಾಗ್ರಾಂನಲ್ಲಿ ಫೋಟೊದ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ.

ನಾನು ಹೊಟ್ಟೆಪಾಡಿಗೆ ವೆಬ್‌ಸೈಟ್ ಕಟ್ಟುವವನು. ಇಪ್ಪತ್ತು ವರ್ಷದಲ್ಲಿ ಈ ಥರದ ಏರಿಳಿತ ಬೇಕಾದಷ್ಟು ನೋಡಿದ್ದೇನೆ. ಆರ್ಕುಟ್‌ನಲ್ಲಿ ಕನ್ನಡದ ಎಂಥೆಂಥ ಗುಂಪುಗಳಿದ್ದವು! 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಟಿಕ್‌ಟಾಕ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದ ನಮ್ಮ ಹಳ್ಳಿ ಹುಡುಗರು 2020ರ ಜೂನ್ ಕೊನೆಯ ಒಂದು ರಾತ್ರಿ ಎಲ್ಲವನ್ನೂ ಕಳೆದುಕೊಂಡರು. ಸೈಟ್ ಮುಚ್ಚಿ ಬೇರೆ ಕಡೆ ಹೋಗುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಿ. ಒಂಬತ್ತು ವರ್ಷದ ನಿಮ್ಮ ಕೆಲಸ ಈಗಲೂ ನಿಮ್ಮ ಕೈಯಲ್ಲೇ ಇದೆ ಅಂದರೆ ಅದಕ್ಕೆ ಆ ಸಣ್ಣ ಸೈಟೇ ಕಾರಣ.

ಈಗ ಬಂದು ಹೋದ ಆ ಸಾವಿರ ಜನರ ವಿಷಯ. ನನ್ನದೇ ಒಂದು ಅನುಭವ ಹೇಳುತ್ತೇನೆ. ನನಗೆ ಹಳೆಯ ವಾಲ್ವ್ ರೇಡಿಯೊಗಳ ಹುಚ್ಚು. ಅದಕ್ಕೆಂದೇ ಒಂದು ಪುಟ್ಟ ಸೈಟ್ ಇಟ್ಟುಕೊಂಡಿದ್ದೇನೆ. 2016ರಲ್ಲಿ ಮೈಸೂರಿನ ಆಕಾಶವಾಣಿ ಬಗ್ಗೆ ಒಂದು ಬರಹ ಹಾಕಿದೆ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ ಕಥೆ ಅದು. ಫೇಸ್‌ಬುಕ್‌ನಲ್ಲಿ ಯಾರೋ ಹಂಚಿಕೊಂಡರು. ಒಂದೇ ದಿನ ಆರು ಸಾವಿರ ಜನ ಬಂದರು. ಸಂಜೆ ಹೊತ್ತಿಗೆ ಹೋಸ್ಟಿಂಗ್ ಕಂಪನಿಯವರು ಲೋಡ್ ಜಾಸ್ತಿ ಆಯ್ತು ಎಂದು ಸೈಟನ್ನೇ ನಿಲ್ಲಿಸಿದರು. ನನಗೆ ಹೆಮ್ಮೆಯೋ ಹೆಮ್ಮೆ. ಒಂದು ವಾರ ಬಿಟ್ಟು ಲೆಕ್ಕ ತೆಗೆದು ನೋಡಿದೆ. ಬಂದವರು ಸರಾಸರಿ 19 ಸೆಕೆಂಡ್ ಇದ್ದರು. ಎರಡನೇ ಪುಟ ತೆರೆದವರು ನೂರಕ್ಕೆ ಇಬ್ಬರು. ತಿಂಗಳಾದ ಮೇಲೆ ತಿರುಗಿ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅದೇ ಸೈಟಿನಲ್ಲಿ 2013ರಲ್ಲಿ ಬರೆದ ಇನ್ನೊಂದು ಪುಟ ಇದೆ. ಹಳೆಯ ರೇಡಿಯೊದಲ್ಲಿ ಸ್ಟೇಷನ್ ತೋರಿಸುವ ಮುಳ್ಳನ್ನು ಒಂದು ದಾರ ಎಳೆದಾಡಿಸುತ್ತದೆ. ಆ ದಾರ ಹರಿದರೆ ಹೊಸದನ್ನು ಯಾವ ರಾಟೆಗೆ ಎಷ್ಟು ಸುತ್ತು ಸುತ್ತಬೇಕು, ಸ್ಪ್ರಿಂಗ್ ಎಲ್ಲಿ ಸಿಗಿಸಬೇಕು ಎಂದು ಪೆನ್ಸಿಲ್‌ನಲ್ಲಿ ಚಿತ್ರ ಬರೆದು, ಸ್ಕ್ಯಾನ್ ಮಾಡಿ ಹಾಕಿದ್ದೆ. ನೋಡೋಕೆ ಏನೇನೂ ಚೆನ್ನಾಗಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ದಿನಕ್ಕೆ ನಾಲ್ಕು ಜನ ಆ ಪುಟಕ್ಕೆ ಬರುತ್ತಾರೆ. ನಾಲ್ಕೇ. ವರ್ಷಕ್ಕೆ 1,460 ಆಯ್ತು, ಹತ್ತು ವರ್ಷಕ್ಕೆ 14,600. ಬಂದವರು ಏಳೆಂಟು ನಿಮಿಷ ಇರುತ್ತಾರೆ. ಎದುರಿಗೆ ಬಿಚ್ಚಿಟ್ಟ ರೇಡಿಯೊ ಇರುತ್ತದೆ, ಕೈಯಲ್ಲಿ ದಾರ ಇರುತ್ತದೆ. ಅಂಥವರಲ್ಲಿ ಕೆಲವರು ಆಮೇಲೆ ನನಗೆ ಗೆಳೆಯರೇ ಆಗಿದ್ದಾರೆ.

ಆರು ಸಾವಿರದ ದಿನವನ್ನು ಫೇಸ್‌ಬುಕ್ ಕೊಟ್ಟಿತ್ತು, ಫೇಸ್‌ಬುಕ್ಕೇ ವಾಪಸ್ ತಗೊಂಡಿತು. ದಿನಕ್ಕೆ ನಾಲ್ಕು ಜನರನ್ನು ಯಾರಿಂದಲೂ ಕಸಿಯೋಕೆ ಆಗಿಲ್ಲ. ಆದ್ದರಿಂದ ನೀವು ಫೇಸ್‌ಬುಕ್ಕಿಗೆ ಕೊಡುವ ಸಮಯದಲ್ಲಿ ಮುಕ್ಕಾಲು ಪಾಲನ್ನು ಆ ನಾಲ್ಕು ಜನರಿಗೆ ಕೊಡಿ ಅನ್ನುತ್ತೇನೆ. ಹುಡುಕಿಕೊಂಡು ಬರುವವರಿಗೆ ನಿಮ್ಮ ಪುಟ ಸಿಗುವಂತೆ ಮಾಡಿ.

ನಿಮ್ಮ ಸೈಟ್ ತೆರೆದು ಒಂದು ಪುಟ ನೋಡಿದೆ. ತಲೆಬರಹ: ‘ಕೆರೆ ಏರಿಯ ಮೇಲೊಂದು ಅಪರೂಪದ ಕಲ್ಲು!’ ಫೇಸ್‌ಬುಕ್ಕಿಗೆ ಇದು ಸರಿ. ಹುಡುಕುವವರು ಯಾರೂ ಹೀಗೆ ಹುಡುಕುವುದಿಲ್ಲ. ಅವರು ಊರಿನ ಹೆಸರು ಹಾಕುತ್ತಾರೆ. ಆದ್ದರಿಂದ ತಲೆಬರಹದಲ್ಲಿ ಮೊದಲು ಊರು, ಆಮೇಲೆ ತಾಲ್ಲೂಕು, ಆಮೇಲೆ ಕಲ್ಲು ಎಂಥದ್ದು ಎಂದು ಬರಲಿ. ‘ಮೂರು ಹಂತದ ತುರುಗೋಳ್ ವೀರಗಲ್ಲು’ ಎಂದು ಬರೆದರೆ ವಿಷಯ ಗೊತ್ತಿದ್ದವರಿಗೆ ತಕ್ಷಣ ಅರ್ಥವಾಗುತ್ತದೆ. ಗೊತ್ತಿಲ್ಲದವರಿಗಾಗಿ ಕೆಳಗೆ ಎರಡು ಸಾಲು: ಕೆಳಗಿನ ಹಂತದಲ್ಲಿ ತುರುಗೋಳ್, ಅಂದರೆ ದನ ಹೊಡೆದೊಯ್ಯಲು ಬಂದವರೊಡನೆ ಕಾದಾಡುತ್ತಿರುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ನೀವು ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆ ಹೇಳಿ, ಸಾಕು.

ಪದಗಳ ವಿಷಯದಲ್ಲಿ ಇನ್ನೊಂದು ಮಾತು. ನೀವು ಎಲ್ಲ ಕಡೆ ‘ವೀರಗಲ್ಲು’ ಎಂದೇ ಬರೆದಿದ್ದೀರಿ. ಊರಿನವರು ಬೀರಗಲ್ಲು ಅನ್ನುತ್ತಾರೆ. ಕೆಲವು ಕಡೆ ಅದೇ ಕಲ್ಲಿಗೆ ದೇವರ ಹೆಸರಿಟ್ಟು ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಓದಿದ ಮಕ್ಕಳು ಹೀರೋ ಸ್ಟೋನ್ ಎಂದು ಇಂಗ್ಲಿಷ್‌ನಲ್ಲಿ ಹುಡುಕುತ್ತಾರೆ. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಂತೂ ತುಂಬಾ ಜನ. ಇವೆಲ್ಲ ಹೆಸರುಗಳೂ ಪುಟದಲ್ಲಿ ಒಂದೊಂದು ಸಲ ಸಹಜವಾಗಿ ಬಂದಿರಲಿ. ಊರಿನ ಹೆಸರಿಗೂ ಅಷ್ಟೇ. ದಾಖಲೆಯಲ್ಲಿ ಒಂದು ಹೆಸರು, ಬಸ್ ಬೋರ್ಡಿನಲ್ಲಿ ಇನ್ನೊಂದು, ಜನರ ಬಾಯಲ್ಲಿ ಮತ್ತೊಂದು ಇರುತ್ತದೆ. ಮೂರನ್ನೂ ಬರೆಯಿರಿ.

ಕಲ್ಲಿನ ಮೇಲೆ ಶಾಸನ ಇದ್ದರೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ಅದಕ್ಕಿರುವ ನಂಬರ್ ಕೊಡಲೇಬೇಕು. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 5ನೇ ಸಂಪುಟವಾಗಿ 1902ರಲ್ಲೇ ಪ್ರಕಟಿಸಿದ್ದಾರೆ. ಸಂಶೋಧನೆ ಮಾಡುವವರು ತಾಲ್ಲೂಕಿನ ಹೆಸರು, ನಂಬರ್ ಹಾಕಿಯೇ ಹುಡುಕುತ್ತಾರೆ. ಹಳೆಯ ಆವೃತ್ತಿಯ ನಂಬರೋ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯ ನಂಬರೋ ಎಂದೂ ತಿಳಿಸಿ, ಎರಡೂ ಬೇರೆ ಬೇರೆ. ಶಾಸನ ಇಲ್ಲದ ಕಲ್ಲಾದರೆ ಅಳತೆ ಬರೆಯಿರಿ. ಎತ್ತರ, ಅಗಲ, ಯಾವ ದಿಕ್ಕಿಗೆ ಮುಖ ಮಾಡಿದೆ, ನೀವು ಯಾವ ದಿನ ನೋಡಿದಿರಿ. ಹತ್ತು ವರ್ಷ ಬಿಟ್ಟು ಆ ಕಲ್ಲು ರಸ್ತೆ ಅಗಲೀಕರಣದಲ್ಲಿ ಮಾಯವಾದರೆ ನಿಮ್ಮ ಪುಟವೇ ದಾಖಲೆ.

ನಿಮ್ಮ ಸೈಟಿನಲ್ಲಿ ನನಗೆ ನಿಜಕ್ಕೂ ಬೇಜಾರಾಗಿದ್ದು ಒಂದೇ. ಶುರುವಿನ ಸುಮಾರು ಅರವತ್ತು ಕಲ್ಲುಗಳ ವಿವರವನ್ನು ಫೋಟೊದ ಮೇಲೇ ಬರೆದು ಪೋಸ್ಟರ್ ಥರ ಹಾಕಿದ್ದೀರಿ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ನೆಚ್ಚಿಕೊಂಡು ಓದುವುದಿಲ್ಲ. ಕಣ್ಣು ಕಾಣದವರ ಫೋನ್ ಪುಟವನ್ನು ಓದಿ ಹೇಳುತ್ತದಲ್ಲ, ಅದಕ್ಕೂ ಅದು ಸಿಗುವುದಿಲ್ಲ. ಒಂಬತ್ತು ವರ್ಷದಲ್ಲಿ ನೀವು ಬರೆದಿದ್ದರಲ್ಲಿ ಅತ್ಯಂತ ಒಳ್ಳೆಯ ವಿವರಗಳು ಆ ಅರವತ್ತರಲ್ಲೇ ಇವೆ. ದಿನಕ್ಕೆ ಒಂದರಂತೆ ಟೈಪ್ ಮಾಡಿ, ಎರಡು ತಿಂಗಳಲ್ಲಿ ಮುಗಿಯುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಫೈಲ್ ಇದ್ದರೆ ಹಾಗೇ ಅಂಟಿಸಬೇಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ತಪ್ಪುವುದು ಅಲ್ಲೇ.

ಫೋಟೊಗಳ ತೂಕವನ್ನೂ ಇಳಿಸಿ. ಮೊಬೈಲ್‌ನಿಂದ ಬಂದ ನಾಲ್ಕೈದು ಎಂಬಿ ಫೋಟೊವನ್ನು ಹಾಗೇ ಹಾಕಿದ್ದೀರಿ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಅದು ತೆರೆಯುವಷ್ಟರಲ್ಲಿ ನೋಡುವವರು ಎದ್ದು ಹೋಗಿರುತ್ತಾರೆ. 1,200 ಪಿಕ್ಸೆಲ್ ಅಗಲ, 300 ಕೆಬಿ ಒಳಗೆ ಇದ್ದರೆ ಸಾಕು. ದೊಡ್ಡ ಮೂಲ ಪ್ರತಿ ನಿಮ್ಮ ಹತ್ತಿರ ಭದ್ರವಾಗಿರಲಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ವಾಟ್ಸ್ಯಾಪ್. ನಮ್ಮ ಓದುಗರು ಹೆಚ್ಚಾಗಿ ಇರುವುದು ಅಲ್ಲೇ ಅಲ್ವಾ? ಲಿಂಕ್ ಕಳಿಸಿದಾಗ ಒಂದು ಪುಟ್ಟ ಚಿತ್ರ, ತಲೆಬರಹ ತಾನಾಗಿ ಕಾಣುತ್ತದಲ್ಲ, ಫೋಟೊ ತೀರಾ ಭಾರ ಇದ್ದರೆ ಆ ಚಿತ್ರ ಬರುವುದಿಲ್ಲ. ಬರೀ ನೀಲಿ ಅಕ್ಷರದ ಲಿಂಕ್ ನೋಡಿ ಈಗ ಯಾರೂ ಒತ್ತುವುದಿಲ್ಲ, ಮೋಸದ ಲಿಂಕ್ ಇರಬಹುದು ಎಂಬ ಭಯ. ಚಿತ್ರ, ಊರಿನ ಹೆಸರು ಕಂಡರೆ ಒತ್ತುತ್ತಾರೆ. ಪ್ರತಿ ಪುಟದಲ್ಲೂ ವಾಟ್ಸ್ಯಾಪ್‌ಗೆ ಕಳಿಸುವ ಒಂದು ಗುಂಡಿ ಇಡಿ. ಹೊಸ ಕಲ್ಲು ಹಾಕಿದಾಗ ಆ ಊರಿನವರು ಒಬ್ಬರಿಗೆ ಕಳಿಸಿ. ಅವರು ಊರಿನ ಗ್ರೂಪಿಗೆ ಹಾಕುತ್ತಾರೆ. ಬೆಂಗಳೂರು, ಮುಂಬೈ, ದುಬೈ ಸೇರಿದ ಆ ಊರಿನ ಮಕ್ಕಳೆಲ್ಲ ಆ ಗ್ರೂಪಿನಲ್ಲಿರುತ್ತಾರೆ. 11 ಸಾವಿರ ಫಾಲೋವರ್ಸ್‌ಗಿಂತ ಆ ಒಂದು ಗ್ರೂಪಿನ ಇನ್ನೂರು ಜನಕ್ಕೆ ಆ ಕಲ್ಲು ಬೇಕು. ಹಾಗೆ ಬಂದವರನ್ನು ನಿಮ್ಮ ಲೆಕ್ಕದ ಪುಟ ‘ಡೈರೆಕ್ಟ್’ ಎಂದು ತೋರಿಸುತ್ತದೆ. ಎಲ್ಲಿಂದ ಬಂದರು ಎಂಬುದನ್ನು ವಾಟ್ಸ್ಯಾಪ್ ಹೇಳುವುದಿಲ್ಲ. ಆ ಸಾಲಿನಲ್ಲಿ ಸಂಖ್ಯೆ ಜಾಸ್ತಿ ಕಂಡರೆ ಖುಷಿ ಪಡಿ.

ಒಂದು ಎಚ್ಚರಿಕೆ. ಕಲ್ಲಿರುವ ಜಾಗದ ಮ್ಯಾಪ್ ಗುರುತು ಹಾಕಬೇಡಿ. ವೀರಗಲ್ಲಿನ ಕೆಳಗೆ ನಿಧಿ ಇದೆ ಎಂದು ರಾತ್ರೋರಾತ್ರಿ ಅಗೆಯುವವರು ನಮ್ಮಲ್ಲಿದ್ದಾರೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಊರು, ತಾಲ್ಲೂಕು ಸಾಕು. ಹೊಲದ ನಡುವೆ ಒಂಟಿಯಾಗಿ ನಿಂತ ಕಲ್ಲಾದರೆ ಊರನ್ನೂ ಬರೆಯದೆ ಹೋಬಳಿ ಮಾತ್ರ ಹಾಕಿ. ನಿಖರವಾದ ಜಾಗವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ, ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ಒಬ್ಬ ಓದುಗ ಕಮ್ಮಿಯಾದರೂ ಪರವಾಗಿಲ್ಲ, ಕಲ್ಲು ಉಳಿಯಬೇಕು.

ಇನ್ನು ಮಗಳ ರೀಲ್ಸ್, ಅಳಿಯನ ಯೂಟ್ಯೂಬ್. ಮಾಡಿ, ಆದರೆ ಮನೆ ಖಾಲಿ ಮಾಡಿ ಅಲ್ಲಿಗೆ ಹೋಗಬೇಡಿ. ಎಲ್ಲ ಕಲ್ಲುಗಳೂ ವಿಡಿಯೊಕ್ಕೆ ಒಗ್ಗುವುದಿಲ್ಲ. ಒಗ್ಗುವಂಥವು ನಿಮ್ಮಲ್ಲಿ ಹತ್ತು ಹದಿನೈದು ಇರಬಹುದು. ಆತಕೂರಿನ ಕಲ್ಲು ನೆನೆಸಿಕೊಳ್ಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು. ಇಂಥದ್ದನ್ನು ಒಂದು ನಿಮಿಷದಲ್ಲಿ ಯಾರಿಗೆ ಬೇಕಾದರೂ ಹೇಳಬಹುದು, ಕೇಳಿದವರು ಮರೆಯುವುದಿಲ್ಲ. ನಿಮ್ಮ ಸಂಗ್ರಹದಲ್ಲಿ ಹಾಗೆ ಕಥೆ ಇರುವ ಕಲ್ಲುಗಳನ್ನು ಆರಿಸಿ, ಮಗಳಿಂದ ವಿಡಿಯೊ ಮಾಡಿಸಿ. ಸಂಜೆ ನಾಲ್ಕರ ಓರೆ ಬಿಸಿಲಿನಲ್ಲಿ ತೆಗೆಯಿರಿ, ಕೆತ್ತನೆಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ವಿಡಿಯೊದಲ್ಲಿ ಸೈಟಿನ ಹೆಸರನ್ನು ಬಾಯಿಬಿಟ್ಟು ಹೇಳಿ. ಲಿಂಕ್ ಒತ್ತಲಾಗದ ಕಡೆ ಹೆಸರು ನೆನಪಿದ್ದವರು ಹುಡುಕಿಕೊಂಡು ಬರುತ್ತಾರೆ.

ಫೇಸ್‌ಬುಕ್ ಪೇಜ್ ಕೂಡ ಇರಲಿ. ಅಲ್ಲಿ ‘ಮುಂದೆ ಓದಲು ಲಿಂಕ್ ಒತ್ತಿ’ ಎಂದು ಅರ್ಧಕ್ಕೆ ನಿಲ್ಲಿಸುವುದನ್ನು ಬಿಡಿ. ಪೂರ್ತಿ ಕಥೆಯನ್ನು ಅಲ್ಲೇ ಹೇಳಿಬಿಡಿ. ಓದಿ ಸಂತೋಷಪಟ್ಟವರು ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ. ವಾರಕ್ಕೆ ಒಂದು ಸಾಕು.

ಸರ್ಚ್ ಮಾತ್ರ ಶಾಶ್ವತವಾ ಎಂದು ನೀವು ಕೇಳಬಹುದು. ಅದೂ ಬದಲಾಗುತ್ತಿದೆ. 2024ರ ಆಗಸ್ಟ್‌ನಿಂದ ಗೂಗಲ್ ನಮ್ಮ ದೇಶದಲ್ಲೂ ಎಐ ಬರೆದ ಉತ್ತರವನ್ನು ಮೇಲೇ ತೋರಿಸಲು ಶುರು ಮಾಡಿತು. ‘ವೀರಗಲ್ಲು ಎಂದರೇನು’ ಎಂದು ಕೇಳಿದವರಿಗೆ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ, ನಿಮ್ಮ ಸೈಟಿನವರೆಗೆ ಬರುವುದಿಲ್ಲ. ಆ ಥರದ ಸಾಮಾನ್ಯ ವಿವರಣೆಗೆ ಬೆವರು ಸುರಿಸಬೇಡಿ. ನೀವೇ ನಿಂತು ನೋಡಿದ್ದು, ನೀವೇ ಅಳೆದದ್ದು, ಊರಿನ ಹಿರಿಯರು ನಿಮಗೆ ಹೇಳಿದ್ದು ಬೇರೆಲ್ಲೂ ಇಲ್ಲ. ಅದಕ್ಕೆ ನಿಮ್ಮ ಹತ್ತಿರವೇ ಬರಬೇಕು. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಪುಕ್ಕಟೆ ಸೌಲಭ್ಯಕ್ಕೆ ಸೈಟನ್ನು ಸೇರಿಸಿ. ಜನ ಯಾವ ಪದ ಹಾಕಿ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂಬುದು ಅಲ್ಲಿ ಕಾಣುತ್ತದೆ. ತಿಂಗಳಿಗೊಮ್ಮೆ ನೋಡಿ, ದಿನಾ ನೋಡಬೇಡಿ. ದಿನಾ ನೋಡಿದರೆ ಮನಸ್ಸು ಕೆಡುತ್ತದೆ.

ತಿರುಗಿ ಬರುವವರಿಗೆ ಒಂದು ದಾರಿ ಇರಲಿ. ಹೊಸ ಕಲ್ಲು ಸೇರಿಸಿದಾಗ ಮೇಲ್ ಕಳಿಸುತ್ತೇನೆ ಎಂದು ಪ್ರತಿ ಪುಟದ ಕೆಳಗೆ ಬರೆಯಿರಿ. ವರ್ಷಕ್ಕೆ ಐವತ್ತು ಜನ ಸೇರಿದರೂ ಒಳ್ಳೆಯದೇ. ಅವರಿಗೂ ನಿಮಗೂ ನಡುವೆ ಯಾವ ಕಂಪನಿಯ ಲೆಕ್ಕಾಚಾರವೂ ಇರುವುದಿಲ್ಲ.

ಕೊನೆಯದಾಗಿ ಸೈಟಿನ ಭದ್ರತೆ. ನನ್ನ ರೇಡಿಯೊ ಸೈಟಿನ ಮೊದಲ ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ನಾನು ಕಳೆದುಕೊಂಡಿದ್ದೇನೆ. ಅದಕ್ಕೆ ಹಣ ಕಟ್ಟಿ ಎಂದು ಬರುವ ನೆನಪೋಲೆ ಹಳೆಯ ಮೇಲ್ ವಿಳಾಸಕ್ಕೆ ಹೋಗುತ್ತಿತ್ತು, ನಾನು ನೋಡಲಿಲ್ಲ. ಅವಧಿ ಮುಗಿದ ಮೇಲೆ ಯಾರೋ ಕೊಂಡುಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕಿದರು. ಎರಡು ದಿನ ಊಟ ಸೇರಿರಲಿಲ್ಲ. ನೀವು ಇವತ್ತೇ ನೋಡಿ: ಡೊಮೇನ್ ನಿಮ್ಮ ಹೆಸರಿನಲ್ಲಿದೆಯಾ, ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದೆಯಾ? ನೆನಪೋಲೆ ಯಾವ ವಿಳಾಸಕ್ಕೆ ಬರುತ್ತದೆ? ಖರ್ಚು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು, ಆದರೆ ಐದು ವರ್ಷದ್ದು ಒಟ್ಟಿಗೆ ಕಟ್ಟಿಬಿಡಿ. ಪಾಸ್‌ವರ್ಡ್ ಮಗಳಿಗೂ ಗೊತ್ತಿರಲಿ. ಇಡೀ ಸೈಟಿನ ಪ್ರತಿ ಒಂದು ಹಾರ್ಡ್ ಡಿಸ್ಕಿನಲ್ಲಿರಲಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಮುಖ್ಯ ಪುಟಗಳ ವಿಳಾಸ ಕೊಟ್ಟರೆ ಅವರೂ ಒಂದು ಪ್ರತಿ ಇಟ್ಟುಕೊಳ್ಳುತ್ತಾರೆ, ದುಡ್ಡು ಕೇಳುವುದಿಲ್ಲ.

ಒಳ್ಳೆಯ ಫೋಟೊಗಳಲ್ಲಿ ಕೆಲವನ್ನು ವಿಕಿಮೀಡಿಯ ಕಾಮನ್ಸ್‌ಗೆ ಕೊಡುವ ಮನಸ್ಸಿದ್ದರೆ ಕೊಡಿ. ಅಲ್ಲಿ ಕೊಟ್ಟಿದ್ದನ್ನು ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಅದು ನಿಮಗೆ ಒಪ್ಪಿಗೆಯಾ ಎಂದು ಮೊದಲು ಯೋಚಿಸಿ. ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ತಾಲ್ಲೂಕಿನ ಊರುಗಳ ಲೇಖನ ತೆರೆದು ನೋಡಿ. ಎಷ್ಟೋ ಕಡೆ ಒಂದು ಚಿತ್ರವೂ ಇಲ್ಲ.

ಇಷ್ಟೆಲ್ಲ ಒಟ್ಟಿಗೆ ಆಗುವ ಕೆಲಸವಲ್ಲ. ಎಲ್ಲಿಂದ ಶುರು ಮಾಡಲಿ ಎಂದರೆ, ಪುಣೆಯಿಂದ ಮೇಲ್ ಬಂತಲ್ಲ, ಆ ಕಲ್ಲಿನ ಪುಟದಿಂದ. ನಿಮ್ಮ ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅವರಿಗೆ ಇವತ್ತೇ ಉತ್ತರ ಬರೆಯಿರಿ. ಅಜ್ಜಿ ಆ ಕಲ್ಲನ್ನು ಏನೆಂದು ಕರೆಯುತ್ತಿದ್ದರು, ಅದಕ್ಕೆ ಯಾವ ಹಬ್ಬದಲ್ಲಿ ಪೂಜೆ ಇತ್ತು, ಮನೆಯಲ್ಲಿ ಹಳೆಯ ಫೋಟೊ ಏನಾದರೂ ಇದೆಯಾ ಎಂದು ಕೇಳಿ. ಅವರು ಒಪ್ಪಿದರೆ ಅಜ್ಜಿ ಹೇಳುತ್ತಿದ್ದ ಆ ಹೆಸರನ್ನು ಪುಟದ ಮೊದಲ ಸಾಲಿನಲ್ಲೇ ಹಾಕಿ.